ಒಳಗಿನ ಚೀಲ

ಶಿರವಾಡ, ಕಾರವಾರ
೧೯ ಜನವರಿ ೨೦೨೫, ಭಾನುವಾರ

ಪ್ರಿಯ ರೂಪಾಲಿ,

…ಬಾತ್‌ರೂಮಿನ ಬಾಗಿಲು ತಟ್ಟಿ ಅವತ್ತು ನೀನು ಕೇಳಿದ್ದು ‘ಎಷ್ಟೊತ್ತು’ ಎಂದಲ್ಲ, ಬೇರೆ ಏನೋ. ‘ಒಬ್ಬರಿಂದಲೇ ಆಗ್ತದಾ’ ಎಂದೋ, ‘ಒಬ್ಬರೇ ಎಂತಕ್ಕೆ’ ಎಂದೋ. ಬೆಳಿಗ್ಗೆಯಿಂದ ನೆನಪಿಸಿಕೊಳ್ಳುತ್ತಿದ್ದೇನೆ, ಮಾತು ಪೂರ್ತಿಯಾಗಿ ಸಿಗುತ್ತಿಲ್ಲ. ನಾನು ಕೊಟ್ಟ ಉತ್ತರ ಮಾತ್ರ ನೆನಪಿದೆ. ನಲ್ಲಿಯನ್ನು ಜೋರಾಗಿ ಬಿಟ್ಟೆ.

ಕ್ಷೇಮ ಕೇಳುವುದಕ್ಕೂ ಮೊದಲೇ ಇದನ್ನು ಬರೆದೆ, ಬೇಸರಿಸಬೇಡ. ಅಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಈ ಕಾಗದ ಸಂಕ್ರಾಂತಿಗಿಂತ ಮೊದಲೇ ಬರಬೇಕಿತ್ತು. ಎರಡು ಸಲ ಕೂತು ಎದ್ದೆ. ಅಂಕೋಲೆಗೆ ಒಂದು ಬಸ್ಸಿನ ದೂರ, ಅಷ್ಟಕ್ಕೆ ಅಂಚೆಯೇ ಎಂದು ನಿನ್ನ ತಮ್ಮ ಭರತ ನಗುತ್ತಾನೆ. ನಗಲಿ. ನಿನ್ನ ಆಯಿಗೆ ಕಿವಿ ಮಂದವೆಂದು ನಿಮ್ಮ ಬಾಳೆಗುಳಿಯ ಮನೆಯಲ್ಲಿ ಎಲ್ಲ ಫೋನೂ ಸ್ಪೀಕರಿನಲ್ಲೇ ಮಾತಾಡುತ್ತದೆ. ನಾನು ಕೆಮ್ಮಿದರೆ ಭರತನ ಹೆಂಡತಿ ಪೂಜಾ ಅಡುಗೆಮನೆಯಿಂದಲೇ, “ಭಾವನಿಗೆ ಕಷಾಯ ಕುಡೀಲಿಕ್ಕೆ ಹೇಳಿ” ಎನ್ನುತ್ತಾಳೆ. ಹೊಟ್ಟೆಯ ವಿಷಯವನ್ನು ಅಲ್ಲಿ ಹೇಳುವುದು ಹೇಗೆ? ಇನ್ನೊಂದು ಮಾತು. ಮನೆಯ ಕೊಂಕಣಿಯಲ್ಲಿ ಇದು ನನ್ನ ಬಾಯಿಗೆ ಬರುವುದಿಲ್ಲ. ಕನ್ನಡದಲ್ಲಾದರೆ ಕಚೇರಿಯ ಕಾಗದದ ಹಾಗೆ ಬರೆದು ಮುಗಿಸಬಹುದು.

ಆಯಿಯ ಸೊಂಟ ಮುರಿದು ನೀನು ಅಲ್ಲಿಗೆ ಹೋದ ಮೇಲೆ ಇಲ್ಲಿ ವಿಶೇಷವೇನಿಲ್ಲ. ಪಕ್ಕದ ಮನೆಯ ಭಾರತಿ ನಿನ್ನ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಾಳೆ, ಹೂವನ್ನು ಅವಳೇ ಮುಡಿಯುತ್ತಾಳೆ. ಕಚೇರಿಯಲ್ಲಿ ಈಗ ನಕ್ಷೆಗಳನ್ನೆಲ್ಲ ಕಂಪ್ಯೂಟರೇ ಬಿಡಿಸುತ್ತದೆ. ಗೆರೆ ಸರಿಯಿದೆಯೇ ಎಂದು ನೋಡಿ ಸಹಿ ಹಾಕುವುದಷ್ಟೇ ನನ್ನ ಕೆಲಸ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಸುಸ್ತಾಗಿರುತ್ತದೆ. ಅದಕ್ಕೆ ಕಾರಣವಿದೆ.

ಹದಿಮೂರು ವರ್ಷದ ಹಿಂದೆ ಮುಂಬೈಯಲ್ಲಿ ನನ್ನ ದೊಡ್ಡ ಕರುಳನ್ನು ತೆಗೆದದ್ದು ನಿನಗೆ ಗೊತ್ತು. ಹೊಟ್ಟೆಯ ಹೊರಗೆ ಚೀಲ ಅಂಟಿಸಿಕೊಂಡು ಓಡಾಡುವುದು ಬೇಡವೆಂದು ನಾನು ಹಟ ಮಾಡಿದ್ದೂ, ಸಣ್ಣ ಕರುಳನ್ನೇ ಮಡಚಿ ಹೊಲಿದು ಒಳಗೊಂದು ಚೀಲ ಮಾಡಿದ್ದೂ ಗೊತ್ತು. ಆದರೆ ನೀನು ಅದನ್ನು ನೋಡಿಲ್ಲ. ನೋಡಲು ನಾನು ಬಿಟ್ಟಿಲ್ಲ. ಹೊಕ್ಕುಳಿನ ಬಲಕ್ಕೆ, ಸ್ವಲ್ಪ ಕೆಳಗೆ, ಅಂಗಿಯ ಗುಂಡಿಯಷ್ಟು ಅಗಲದ ಒಂದು ತೂತು. ಅದರ ಹಿಂದೆ, ಒಳಗೆ, ಕರುಳಿನದೇ ಕವಾಟ. ತಾನಾಗಿ ಏನನ್ನೂ ಹೊರಗೆ ಬಿಡುವುದಿಲ್ಲ. ನಾಲ್ಕೈದು ತಾಸಿಗೊಮ್ಮೆ ಬೆರಳಿನ ದಪ್ಪದ ಕೊಳವೆಯನ್ನು ತೂರಿಸಿ ಚೀಲವನ್ನು ಬರಿದು ಮಾಡಬೇಕು. ಮಾಡಿದ ಮೇಲೆ ಒಂದು ತುಂಡು ಗಾಜ್ ಅಂಟಿಸಿ ಅಂಗಿ ಇಳಿಬಿಟ್ಟರೆ, ನಾನು ಎಲ್ಲರಂತೆ.

ಗಣೇಶ ಚತುರ್ಥಿಯ ಹೊತ್ತಿಗೆ ಆ ಕೊಳವೆ ತೂತಿನ ಬಾಯಲ್ಲೇ ತಡೆಯತೊಡಗಿತು. ತೂತಿನ ಅಂಚಿನ ಚರ್ಮ ಗಟ್ಟಿಯಾಗಿ ಬಿಗಿಯುತ್ತಿತ್ತು. ಆಗ ನನಗೆ ನೆನಪಾದದ್ದು ಆಯಿ. ಭರತನ ಮಗಳು ಪ್ರೇಕ್ಷಾಳಿಗೆ ಕಿವಿ ಚುಚ್ಚಿಸಿದಾಗ ಆಯಿ ಆ ಸಣ್ಣ ತೂತಿನಲ್ಲಿ ತೆಂಗಿನ ಗರಿಯ ಹಿಡಿಕಡ್ಡಿಯ ಚೂರನ್ನು ಇಟ್ಟಿದ್ದಳು, ನೆನಪಿದೆಯೇ? “ಖಾಲಿ ಬಿಟ್ರೆ ಮೈ ತೂತನ್ನು ಮುಚ್ಚಿಬಿಡ್ತದೆ. ಎಂತಾದ್ರೂ ಒಂದು ಇರ್ಬೇಕು” ಎಂದಿದ್ದಳು. ಅಷ್ಟನ್ನು ನಾನು ಹಿಡಿದುಕೊಂಡೆ. ದಪ್ಪ ಕೊಳವೆ ಹೋಗದಿದ್ದರೆ ಸಣ್ಣದು. ಅದೂ ಹೋಗದಿದ್ದರೆ ಇನ್ನೂ ಸಣ್ಣದು. ಏನಾದರೂ ಒಂದು ಹೋಗುತ್ತಿದೆಯಲ್ಲ, ಮುಚ್ಚುವುದಿಲ್ಲ ಎಂದು ಸಮಾಧಾನ. ಆಯಿ ಆಮೇಲೆ ಮಾಡಿದ್ದನ್ನು ಮರೆತಿದ್ದೆ. ಬೆಂಡೋಲೆ ಹಿಡಿಸುವ ತನಕ ಅವಳು ಒಂದು ಕಡ್ಡಿಯ ಜೊತೆಗೆ ಇನ್ನೊಂದು ಸೇರಿಸುತ್ತ ಹೋಗಿದ್ದಳು. ನಾನು ಒಂದೊಂದೇ ತೆಗೆಯುತ್ತ ಬಂದಿದ್ದೆ. ತೂತು ನನ್ನ ಕೊಳವೆಯ ಅಳತೆಗೆ ಸರಿಯಾಗಿ ತಾನೂ ಕಿರಿದಾಗುತ್ತಿತ್ತು. ಕೊಳವೆ ಸಣ್ಣದಾದಂತೆ ಬಾತ್‌ರೂಮಿನ ಹೊತ್ತು ಉದ್ದವಾಯಿತು. ತೆಳ್ಳಗಿನ ಗಂಜಿ ಬಿಟ್ಟು ಬೇರೇನೂ ಅದರಲ್ಲಿ ಇಳಿಯುತ್ತಿರಲಿಲ್ಲ.

ಹೋದ ಭಾನುವಾರ ದೇವಬಾಗದಲ್ಲಿ ನಮ್ಮ ಕಚೇರಿಯ ಸಂದೇಶನ ಅಣ್ಣ ಹೊಸ ದೋಣಿಗೆ ಪೂಜೆ ಇಟ್ಟುಕೊಂಡಿದ್ದ. ಊಟಕ್ಕೆ ಎಲೆ ಹಾಕಿದ್ದರು. ಚೀಲ ಬರಿದು ಮಾಡಿ ಬರೋಣವೆಂದು ಬಾತ್‌ರೂಮಿಗೆ ಹೋದೆ. ಕೊಳವೆ ಹೋಗಲಿಲ್ಲ. ಅದಕ್ಕಿಂತ ಸಣ್ಣದು ನನ್ನ ಹತ್ತಿರ ಇರಲಿಲ್ಲ. ಹೊರಗಿನಿಂದ ಸಂದೇಶ, “ಅರೇ ಬಾಬಾ, ಒಳಗೇ ಸಂಸಾರ ಹೂಡಿದ್ಯಾ? ಬಾಂಗಡೆ ತಣ್ಣಗಾಯ್ತು!” ಎಂದು ಕೂಗಿದ. ಉಳಿದವರು ನಕ್ಕರು. ನಾನೂ ನಗುವ ಸದ್ದು ಮಾಡಿದೆ. ಒತ್ತಿದಷ್ಟೂ ಹೊಟ್ಟೆ ಕಲ್ಲಾಗುತ್ತಿತ್ತು. ತುಂಬಿದ ಚೀಲ ಬರಿದಾಗದಿದ್ದರೆ ಏನಾಗುತ್ತದೆಂದು ಮುಂಬೈಯ ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಕೊನೆಗೆ ಬಾಗಿಲು ತೆಗೆದೆ. ಸಂದೇಶ ನನ್ನ ಮುಖ ನೋಡಿದವನು ತಮಾಷೆ ನಿಲ್ಲಿಸಿ ಕಾರು ತಂದ.

ಕಾರವಾರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರು ಅಂಗಿ ಎತ್ತಿ ನೋಡಿ, “ನಿಮ್ಮ ಬ್ಯಾಗ್ ಎಲ್ಲಿ?” ಎಂದರು. ಬ್ಯಾಗ್ ಇಲ್ಲವೆಂದೆ. ನರ್ಸು ಒಂದು ಪ್ಲಾಸ್ಟಿಕ್ ಚೀಲ ತಂದು ತೂತಿನ ಮೇಲೆ ಅಂಟಿಸಿದಳು. ಅದು ತುಂಬಲೆಂದು ಇಬ್ಬರೂ ನಿಂತು ಕಾದರು.

“ಅದು ತುಂಬೂದಿಲ್ಲ ಡಾಕ್ಟ್ರೇ, ಚೀಲ ಒಳಗಿದೆ” ಎಂದೆ.

“ಒಳಗೆ ಅಂದ್ರೆ?”

ಪೆನ್ನು ಕೇಳಿದೆ. ಮಲಗಿದಲ್ಲೇ ಚೀಟಿಯ ಹಿಂಬದಿಗೆ ನನ್ನ ಹೊಟ್ಟೆಯ ಅಡ್ಡಕೊಯ್ತ ಬರೆದೆ: ಚರ್ಮ, ಕವಾಟ, ಚೀಲ. ಗೆರೆ ನೇರ ಬಂತು. ನಕ್ಷೆ ಬಿಡಿಸಿದ ಅಷ್ಟು ವರ್ಷದ ಅಭ್ಯಾಸ. ಡಾಕ್ಟರು ಒಳ್ಳೆಯವರು, ಗೊತ್ತಿಲ್ಲವೆಂದು ಒಪ್ಪಿಕೊಂಡು ಗೋವಾದ ಸರ್ಜನ್ನರಿಗೆ ಫೋನು ಹಚ್ಚಿದರು. ಶಿಶುಗಳಿಗೆ ಹಾಲುಣಿಸುವ ಕೊಳವೆ ತರಿಸಿ, ಜೆಲ್ಲಿ ಸವರಿ, ಸರ್ಜನ್ನರು ಹೇಳಿದಂತೆ ನಾನು ಉಸಿರು ಬಿಡುವಾಗ ಮೆಲ್ಲಗೆ ದೂಡಿದರು. ಹೋಯಿತು. ಬರಿದಾಗಲು ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಪಾತ್ರೆ ಹಿಡಿದು ನಿಂತವನು ಸಂದೇಶ. ಎಲ್ಲವನ್ನೂ ನೋಡಿದ. ಮುಗಿದ ಮೇಲೆ, “ಇಷ್ಟೇನಾ ಮಾರಾಯ? ನಾನು ಎಂತದೋ ದೊಡ್ಡದು ಅಂದ್ಕೊಂಡಿದ್ದೆ” ಎಂದ. ಕೈ ತೊಳೆದು, ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ನನ್ನೆದುರೇ ಎರಡು ಬನ್ಸ್ ತಿಂದ. ಅವನ ಮೇಲೆ ನನಗೆ ಬಂದದ್ದು ಕೃತಜ್ಞತೆ ಅಲ್ಲ. ಏನೆಂದು ಈಗಲೂ ತಿಳಿಯದು. ನಿನಗೂ ತೋರಿಸದಿದ್ದುದನ್ನು ಅವನು ನೋಡಿ, ತಿಂಡಿ ತಿಂದು, ಮರೆತೂಬಿಟ್ಟ.

ಬುಧವಾರ ಗೋವಾಕ್ಕೆ ಹೋಗಿ ಆ ಸರ್ಜನ್ನರನ್ನು ಕಂಡು ಬಂದೆ. ಚೀಲಕ್ಕೆ ಏನೂ ಆಗಿಲ್ಲ, ಕವಾಟವೂ ಗಟ್ಟಿಯಿದೆ. ಚರ್ಮದ ಮಟ್ಟದಲ್ಲಿ ಬಿಗಿದ ಉಂಗುರವನ್ನು ಕೊಯ್ದು ಬಾಯಿ ಅಗಲ ಮಾಡಬೇಕು. ಸಣ್ಣ ಕೆಲಸ, ಅಷ್ಟು ಜಾಗಕ್ಕೆ ಮರಗಟ್ಟಿಸುವ ಸೂಜಿ ಸಾಕು. ಆಮೇಲಿನದೇ ಮುಖ್ಯ. ಕೆಲವು ವಾರ ಕೊಳವೆ ಒಳಗೇ ಇರಬೇಕು, ಅದರೊಳಗೆ ನೀರು ಹಾಯಿಸಿ ತೊಳೆಯುತ್ತಿರಬೇಕು. ಅದಾದ ಮೇಲೂ ರಾತ್ರಿ ದಪ್ಪ ಕೊಳವೆ ಇಟ್ಟುಕೊಂಡೇ ಮಲಗಬೇಕು. ಇಲ್ಲವಾದರೆ ಮತ್ತೆ ಬಿಗಿಯುತ್ತದೆ. ಹಾಗಾದರೆ ಒಳಗಿನ ಚೀಲವನ್ನು ಬಿಚ್ಚಿ ಹೊರಗೊಂದು ಅಂಟಿಸುವುದೇ ದಾರಿ. “ಮನೆಯವರು ಯಾರಾದರೂ ಬಂದು ಕಲಿಯಲಿ. ಒಬ್ಬರಿಂದಾಗುವ ಕೆಲಸ ಅಲ್ಲ” ಎಂದರು. ಹೆಂಡತಿ ಅಂಕೋಲೆಯಲ್ಲಿದ್ದಾಳೆ ಎಂದೆ. “ಅಂಕೋಲಾ ಏನು ಲಂಡನ್ನೇ?” ಎಂದು ನಕ್ಕು ಈ ಬರುವ ಗುರುವಾರದ ದಿನ ಕೊಟ್ಟರು.

ಸಂದೇಶ ತಾನು ಬರುತ್ತೇನೆಂದಿದ್ದಾನೆ. ಅವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ನೀನು ಬಂದರೆ ಬಾತ್‌ರೂಮಿನ ಬಾಗಿಲು ತೆರೆದೇ ಇರಬೇಕಾಗುತ್ತದೆ. ಇದನ್ನು ಬರೆಯಲು ನಾಲ್ಕು ಪುಟ ಬೇಕಾಯಿತು. ಹೊಟ್ಟೆಗಿಂತ ಅದೇ ಹೆಚ್ಚು ಆಯಾಸ. ಬಾ ಎಂದು ಒತ್ತಾಯಿಸುವುದಿಲ್ಲ. ಸೊಂಟ ಮುರಿದ ಆಯಿಯನ್ನು ಬಿಟ್ಟು ಹೇಗೆ ಬರುವುದು ಎಂದು ಫೋನಿನಲ್ಲಿ ಹೋದ ವಾರವೂ ಹೇಳಿದ್ದೆಯಲ್ಲ.

ಆಯಿಗೆ ನನ್ನ ನಮಸ್ಕಾರ. ಪ್ರೇಕ್ಷಾ ಚೆನ್ನಾಗಿ ಓದಿ ಸುಖವಾಗಿರಲಿ. ನಿನಗೆ ದೇವರು ಆರೋಗ್ಯ ಕೊಡಲಿ. ಕೊಡುವಾಗ ಪೂರ್ತಿಯಾಗಿ ಕೊಡಲಿ.

ಇತಿ ನಿನ್ನ,
ಮಧುಕರ

ತಾ.ಕ.: ಶುಕ್ರವಾರ ಭರತ ಕೋರ್ಟಿನ ಕೆಲಸಕ್ಕೆ ಕಾರವಾರಕ್ಕೆ ಬಂದವನು ಕಚೇರಿಗೂ ಬಂದಿದ್ದ. ನಾನಾಗಿ ಏನೂ ಕೇಳಲಿಲ್ಲ. ಚಹಾ ಕುಡಿಯುತ್ತ ಅವನೇ, “ಆಯಿದ್ದು ಎಂತ ಹೇಳೂದು ಭಾವ, ದೀಪಾವಳಿಯಿಂದ ಅವಳನ್ನು ಹಿಡಿಯೂಕೇ ಆಗೂದಿಲ್ಲ. ಬಾಳೆಗುಳಿ ಕ್ರಾಸಿಗೆ ತಾನೇ ನಡೆದು ಹೋಗಿ ಮೀನಿನವಳ ಹತ್ರ ಜಗಳಾಡಿ ಬರ್ತಾಳೆ” ಎಂದ. ನಾನು ಸಂತೋಷ ಎಂದೆ. ನಮ್ಮ ಮನೆಯಲ್ಲಿ ನಸುಕಿಗೆ ನನ್ನ ಅಲಾರಂ ಕೂಗಿದಾಗ ನಿನಗೂ ಎಚ್ಚರವಾಗುತ್ತಿತ್ತು. ನಾನು ಕೊಳವೆ ತೆಗೆದುಕೊಂಡು ಎದ್ದು ಹೋಗಿ ಮರಳಿ ಬಂದು ಮಲಗುವ ತನಕ ನೀನು ಗೋಡೆಯ ಕಡೆ ತಿರುಗಿ ನಿದ್ದೆ ಬಂದವರಂತೆ ಉಸಿರಾಡುತ್ತಿದ್ದೆ. ಇದು ನನಗೆ ಗೊತ್ತಿತ್ತು. ಆಯಿಯ ವಿಷಯವನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ಇಷ್ಟು ಮಾತ್ರ ಹೇಳು: ಅಲ್ಲಿ ನಿನಗೆ ನಿದ್ದೆ ಬರುತ್ತದೆಯೇ, ರೂಪಾಲಿ?