ಉಜ್ಜನಪ್ಪನವರ ಕಾರಿನಲ್ಲಿ ನಾನು ಮುಚ್ಚಿದ ತೂತುಗಳು

ವಿನೋಬನಗರ, ದಾವಣಗೆರೆ
16 ನವೆಂಬರ್ 2025, ಭಾನುವಾರ

ಪ್ರೀತಿಯ ಅಕ್ಕ ಮೈಲಮ್ಮನಿಗೆ,

ತಮ್ಮ ಬಕ್ಕೇಶನ ನಮಸ್ಕಾರಗಳು. ಇಲ್ಲಿ ನಾವೆಲ್ಲ ಆರಾಮಾಗಿದ್ದೇವೆ. ಕೊಕ್ಕನೂರಿನಲ್ಲಿ ನೀನು, ಭಾವ, ಬಾಣಂತಿ ಸುಷ್ಮಾ, ಕೂಸು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮೊಮ್ಮಗನ ತೊಟ್ಟಿಲಿಗೆ ಬರಲಿಲ್ಲವೆಂದು ನಿನಗೆ ಸಿಟ್ಟಿದೆ. "ನಿಮ್ಮಕ್ಕ ಹೋಳ್ಗೆ ಬಡಿಸ್ತಾನೂ ನಿಮ್ಮನ್ನ ಬೈತಾನೇ ಇದ್ರು" ಎಂದು ಸುಧಾ ಬಂದು ಹೇಳಿದಳು. ಊರಾಚೆ ಪಾಲಿಶ್ ಕೆಲಸವಿದೆ ಎಂದು ಅವಳ ಕೈಲಿ ಹೇಳಿಸಿದ್ದೆ. ಕೆಲಸ ಇರಲಿಲ್ಲ ಅಕ್ಕ. ಭಾವನ ಮುಖ ನೋಡುವ ಧೈರ್ಯ ಇರಲಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು "ಉಂಡ್ಯಾ?" ಅಂದ ಕೂಡಲೇ ನನ್ನ ಮಾತು ದಾರಿ ತಪ್ಪುತ್ತದೆ. ನನ್ನ ಕೋಳಿಕಾಲು ಅಕ್ಷರ ಓದಲಾಗದಿದ್ದರೆ ಸುಷ್ಮಾಳ ಕೈಲಿ ಓದಿಸು. ಭಾವ ಮನೆಯಲ್ಲಿರುವಾಗಲೇ ಓದಿಸು.

ಸರಸ್ವತಿ ನಗರದ ಉಜ್ಜನಪ್ಪನವರ ಕಾರನ್ನು ಮತ್ತೆ ಬಿಚ್ಚಿದ್ದೇವೆ. ಅವರ ತಂದೆಯ ಕಾಲದ ಆ ಕಪ್ಪು ಕಾರು ನಿನಗೆ ನೆನಪಿರಬೇಕು. ಹೊರಗೆ ಕಾಣುವುದು ತಗಡು, ಒಳಗೆಲ್ಲ ಮರದ ಚೌಕಟ್ಟು. ಹನ್ನೆರಡು ವರ್ಷದ ಹಿಂದೆ ಆ ಚೌಕಟ್ಟನ್ನು ಭಾವ ಹೊನ್ನೆ ಮರದಲ್ಲಿ ಹೊಸದಾಗಿ ಕಟ್ಟಿದರು, ಪಾಲಿಶ್ ನಾನು ಮಾಡಿದೆ. ಐದು ವರ್ಷ ಕಳೆದ ಮೇಲೆ ಆಯುಧಪೂಜೆಯ ದಿನ ಉಜ್ಜನಪ್ಪನವರ ಹೆಂಡತಿ ಕಸ್ತೂರಮ್ಮ ಹತ್ತಲು ಹೋದರೆ ಬಾಗಿಲು ಕಂಬದ ಸಮೇತ ಅವರ ಕೈಗೇ ಬಂತು. ಬೀಗರು, ಬಂಧುಗಳು, ಓಣಿಯವರು, ಎಲ್ಲರ ಎದುರಿಗೇ. "ಹಸಿ ಮರ ಹಾಕಿ ನಮ್ಮನ್ನ ಮಂಗ ಮಾಡಿದ್ಯೇನೋ ಕರಿಯಣ್ಣ?" ಎಂದು ಉಜ್ಜನಪ್ಪನವರು ಕೂಗಾಡಿದರು. ಭಾವ ಯಾಕೋ ಎದುರಾಡಲಿಲ್ಲ. ಆಮೇಲಿನದು ನಿನಗೇ ಗೊತ್ತು. ಊರೆಲ್ಲ ಅದೇ ಮಾತಾಯಿತು, ಕೆಲಸ ಕೊಡುವವರು ಹಿಂದೆ ಸರಿದರು. ತೇರಿನ ಗಾಲಿ ಕೆತ್ತುವಷ್ಟು ಕೈಯಿದ್ದ ಮನುಷ್ಯ ಅಂಗಡಿ ಮುಚ್ಚಿ, ಹರಿಹರದ ಸಾಮಿಲ್‌ನಲ್ಲಿ ಯಾರದೋ ದಿಮ್ಮಿಗಳನ್ನು ಗರಗಸಕ್ಕೆ ನೂಕುವಂತಾಯಿತು.

ಕಾರು ಅಂದಿನಿಂದ ಶೆಡ್ಡಿನಲ್ಲೇ ಇತ್ತು. ಹೋದ ವಾರ ಉಜ್ಜನಪ್ಪನವರ ಮಗ ಸಂತೋಷ ಬಂದು, "ಬಕ್ಕೇಶಣ್ಣ, ಪೂರ್ತಿ ಬಿಚ್ಚಿ ನೋಡಾಣ ಬರ್ರಿ. ಇನ್ನೆಷ್ಟು ವರ್ಷ ಅಂತ ಮೂಲ್ಯಾಗೆ ನಿಲ್ಸದು?" ಅಂದ. ತಗಡು ಕಳಚಿ ನೋಡಿದರೆ ಭಾವ ಹಾಕಿದ ಮರ ಕಲ್ಲಿನ ಹಾಗಿದೆ. ತಟ್ಟಿದರೆ ಟಣ್ ಅನ್ನುತ್ತದೆ. ಹೋಗಿರುವುದು ಬಾಗಿಲ ಕೆಳಗಿನ ಅಡಿಪಟ್ಟಿ ಮತ್ತು ಅದರ ಮೇಲೆ ನಿಂತ ಕಂಬಗಳ ಬುಡ ಮಾತ್ರ. ಉಳಿ ಇಟ್ಟರೆ ನಶ್ಯದ ಪುಡಿಯಂತೆ ಉದುರಿತು. ಅದರ ಅಡಿಯ ಮೈಯಲ್ಲಿ ನನ್ನ ಪಾಲಿಶ್ ಇನ್ನೂ ಹೊಳೆಯುತ್ತಿತ್ತು.

ಆ ಅಡಿಪಟ್ಟಿಗೆ ಭಾವ ಕಿರುಬೆರಳು ಗಾತ್ರದ ಆರು ತೂತು ಕೊರೆದಿದ್ದರು. ಗಾಜಿನ ಸಂದಿಯಿಂದ ಒಳಗಿಳಿದ ನೀರು ಕೆಳಗೆ ಹೋಗಲಿ ಎಂದು. ನಾನು ಬೀರು, ಮಂಚ, ಉಯ್ಯಾಲೆಗೆ ಪಾಲಿಶ್ ಮಾಡಿದವನು. ನಮ್ಮಲ್ಲಿ ತೂತು ಕಂಡರೆ ಹುಳ ಬಿದ್ದಿದೆ ಎಂದು ಗಿರಾಕಿ ಜಗಳಕ್ಕೇ ಬರುತ್ತಾನೆ. ಅರಗಿಗೆ ಮರದ ಹೊಟ್ಟು ಕಲಸಿ ಆರನ್ನೂ ತುಂಬಿ, ಗುರುತು ಸಿಗದಂತೆ ಉಜ್ಜಿ, ಮೂರು ಕೈ ಪಾಲಿಶ್ ಹೊಡೆದೆ. ವರ್ಷ ವರ್ಷ ಆಯುಧಪೂಜೆಗೆ ಆ ಮನೆಯವರು ಕಾರಿಗೆ ಪೈಪ್ ಹಿಡಿದು ಭಕ್ತಿಯಿಂದ ಸ್ನಾನ ಮಾಡಿಸಿದರು. ಒಳಗೆ ಹೋದ ನೀರಿಗೆ ಹೊರಬರಲು ದಾರಿಯೇ ಇರಲಿಲ್ಲ. ತೂತಿನ ಕೆಲಸ ಏನೆಂದು ನನಗೆ ತಿಳಿದದ್ದು ಹೋದ ವಾರ, ಬಿಚ್ಚಿದಾಗ.

ಅವತ್ತೇ ಉಜ್ಜನಪ್ಪನವರಿಗೆ ತೋರಿಸಿ, ತಪ್ಪು ನನ್ನದೆಂದೆ. ಅವರು ಬಗ್ಗಿ ಮುಚ್ಚಿದ ತೂತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ, "ಸಾಮಿಲ್ ಮುಂದೆ ಎಷ್ಟೋ ಸಲ ಹೋಗೀನಿ. ಕರಿಯಣ್ಣ ನಿಂತಿರ್ತಿದ್ದ. ಒಂದ್ ಸಲನೂ ಗಾಡಿ ನಿಲ್ಸ್ಲಿಲ್ಲ ನೋಡು" ಅಂದರು. ಕಸ್ತೂರಮ್ಮ ಒಳಗಿನಿಂದಲೇ, "ಅವ್ರು ಬಂದು ಕೈ ಹಚ್ಚಿದ್ರೆ ಕಾರು ಆಗ್ಲಿ. ಇಲ್ಲಾಂದ್ರೆ ಹಂಗೇ ಇರ್ಲಿ ಬಿಡ್ರಿ" ಎಂದರು. ಗಂಡ ಹೆಂಡತಿ ಇಬ್ಬರೂ ಕೊಕ್ಕನೂರಿಗೆ ಬಂದು ಭಾವನನ್ನು ಕೇಳಿಕೊಳ್ಳುತ್ತಾರಂತೆ. ಮೊದಲು ನಾನು ಬರೆಯುತ್ತೇನೆ ಎಂದು ತಡೆದಿದ್ದೇನೆ.

ಈಗ ಗಟ್ಟಿಯಾಗಿ ಉಳಿದ ಮರಕ್ಕೆ ಅಗಸೆ ಎಣ್ಣೆ ಬೆಚ್ಚಗೆ ಮಾಡಿ, ಟರ್ಪೆಂಟೈನ್ ಬೆರೆಸಿ ಕುಡಿಸುತ್ತಿದ್ದೇನೆ. ತುದಿಗಳಿಗೆ ಎಷ್ಟು ಕೊಟ್ಟರೂ ಸಾಲದು, ಎಳೆಗೂಸಿನ ಹಾಗೆ ಎಳೆದುಕೊಳ್ಳುತ್ತವೆ. ತಗಡಿನ ಹಿಂದೆ ಮುಚ್ಚಿಹೋಗುವ ಮೈಗೂ ಬಿಡದೆ ಹಚ್ಚಿದ್ದೇನೆ. ಒಂದು ಕೈ ಎಣ್ಣೆ ಒಣಗಲು ನಾಲ್ಕು ದಿನ ಬೇಕು. ಸುಮ್ಮನೆ ಕೂತರೆ ಬೇಡದ್ದೆಲ್ಲ ತಲೆಗೆ ಬರುತ್ತದೆ. ಅಡಿಪಟ್ಟಿಯನ್ನು ಮಾತ್ರ ನಾನು ಮುಟ್ಟುವುದಿಲ್ಲ. ಅದು ಭಾವನದು.

ಬಾ ಎಂದು ಅವರಿಗೆ ಹೇಳುವ ಮುಖ ನನಗಿಲ್ಲ. ನೀನು ಹೇಳು. ಕಾರು ಹಾಳಾಗಿ ಹೋಗಲಿ, ಉಜ್ಜನಪ್ಪನವರು ಏಳು ವರ್ಷದ ಹಿಂದೆ ಅಂದ ಮಾತನ್ನು ಅದೇ ಅಂಗಳದಲ್ಲಿ ನಿಂತು ವಾಪಸ್ ತೆಗೆದುಕೊಳ್ಳುವುದನ್ನು ಭಾವ ಕೇಳಬೇಕು. ನಿನ್ನ ಗಂಡನ ಹೆಸರು ಕೆಡಿಸಿದವನು ನಿನ್ನ ಬೆನ್ನ ಹಿಂದೆ ಹುಟ್ಟಿದ ನಾನೇ. ಬೈಯ್ಯಿ, ಬೇಕಾದರೆ ಬಂದು ಎರಡೇಟು ಹಾಕು, ಆದರೆ ಅವರನ್ನು ಕಳಿಸು.

ಕೂಸಿಗೆ ಈ ಮಾವಜ್ಜನ ಮುತ್ತು. ನೂರು ವರ್ಷ ಬಾಳಲಿ, ಅವರಜ್ಜನ ಕೈ ಅವನಿಗೆ ಬರಲಿ. ನಿನ್ನ ಆಶೀರ್ವಾದ ಕೇಳಲು ಬಾಯಿ ಬರುತ್ತಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ ತಮ್ಮ,
ಬಕ್ಕೇಶ

ತಾ.ಕ.: ಸುಧಾ ಇದನ್ನು ಓದಿ, "ಇಷ್ಟೇ ಏನ್ರಿ?" ಅಂದಳು. ಇಷ್ಟೇ ಅಲ್ಲ ಅಕ್ಕ. ಹೋದ ವಾರ ತಿಳಿಯಿತೆಂದು ಬರೆದದ್ದು ಸುಳ್ಳು. ನಾನು ಪಾಲಿಶ್‌ಗೆ ಕೂತ ದಿನವೇ ಭಾವ, "ಕೆಳಗಿನ ತೂತು ನೀರಿಗೆ ಬಿಟ್ಟಿದ್ದು, ಮುಚ್ಚಬ್ಯಾಡಪ್ಪ" ಅಂದಿದ್ದರು. "ಪಾಲಿಶ್ ನನಗೆ ಬಿಡ್ರಿ ಭಾವ" ಎಂದ ನಾನು, ಅವರು ಊಟಕ್ಕೆ ಹೋದಾಗ ಮುಚ್ಚಿದೆ. ಉಜ್ಜನಪ್ಪನವರಿಗೂ ಅರ್ಧವನ್ನೇ ಹೇಳಿದ್ದೇನೆ. ನಾಳೆ ಬೆಳಿಗ್ಗೆ ಉಳಿದದ್ದನ್ನು ಹೇಳಿಯೇ ಈ ಕಾಗದವನ್ನು ಡಬ್ಬಿಗೆ ಹಾಕುತ್ತೇನೆ. ಭಾವ ನಿನಗೆ ಏನೂ ಹೇಳಿಲ್ಲವೆಂದು ನನಗೆ ಗೊತ್ತು. ಹೇಳಿದ್ದರೆ ಸಂಕ್ರಾಂತಿಗೆ ನೀನು ನನಗೆ ಎಳ್ಳು ಹಚ್ಚಿದ ರೊಟ್ಟಿ ಕಟ್ಟಿ ಕಳಿಸುತ್ತಿರಲಿಲ್ಲ. ಬಾಗಿಲು ಕಿತ್ತು ಬಂದ ದಿನ ಭಾವ ಕಾರಿನ ಅಡಿಗೆ ನುಸುಳಿ ಕೈಯಾಡಿಸಿದರು. ಅವರ ಬೆರಳು ನಾನು ತೂತಿಗೆ ತುಂಬಿದ ಪುಟ್ಟಿಯ ಮೇಲೆ ನಿಂತದ್ದನ್ನು ಕಂಡೆ. ಉಜ್ಜನಪ್ಪನವರು ಅಷ್ಟು ಕೂಗಾಡುತ್ತಿದ್ದರೂ, ಎದ್ದು ಬಂದ ಭಾವ ನೋಡಿದ್ದು ನನ್ನನ್ನು. ನಾನೇ ಬಾಯಿ ಬಿಡಲಿ ಎಂದು ಕಾದರು. ಗಾಲಿಯ ಮುಂದೆ ಒಡೆದ ಕುಂಬಳಕಾಯಿ ಬಿದ್ದಿತ್ತು. ನಾನು ಬಗ್ಗಿ ಅದರ ಚೂರು ಆರಿಸತೊಡಗಿದೆ. "ಮರ ನಂದೇ ಸಾವ್ಕಾರ್ರೇ" ಎಂದು ಭಾವ ಗೇಟು ದಾಟಿ ಹೋದ ಸದ್ದು ಕೇಳುವವರೆಗೂ ಆರಿಸುತ್ತಲೇ ಇದ್ದೆ.