ಸೀಸವಿಲ್ಲದ ರಕ್ತ

ಜನವರಿ 12, ಸೋಮವಾರ

ಸಭಾಧ್ಯಕ್ಷರೇ, ಮಹಾಜನಗಳೇ, ಆಸಿಡ್ ವಾಸನೆಗೆ ಮೂಗು ಮುಚ್ಚಿ ಕುಳಿತ ಮಹನೀಯರೇ... ಪೊನ್ನಂಪೇಟೆಯ ನಮ್ಮ ಲ್ಯಾಬಿನಲ್ಲಿ ಇಂದಿನಿಂದ ಪರೀಕ್ಷೆಗೇ ಪರೀಕ್ಷೆ. ರಕ್ತದಲ್ಲಿನ ಸೀಸ ಅಳೆಯುವ ವಿಧಾನ ಪಾಸಾದರೆ ಕೊಡಗಿನ ರಕ್ತ ಬಸ್ಸು ಹತ್ತಿ ಮೈಸೂರಿಗೆ ಹೋಗಬೇಕಿಲ್ಲ.

ಮೊದಲು ಸೀಸವಿಲ್ಲದ ರಕ್ತ ಬೇಕು. ಅದಕ್ಕೆ ಗೊತ್ತಿರುವಷ್ಟು ಸೀಸ ಬೆರೆಸಿ, ಮೆಷಿನ್ ಸರಿಯಾಗಿ ಹೇಳುತ್ತದೋ ನೋಡಬೇಕು. ನಾನೇ ತೋಳು ಚಾಚಿದೆ. ಬೀಡಿಯಿಲ್ಲ, ಬ್ರಾಂದಿಯಿಲ್ಲ.

"ನಿಮ್ದು ಪಂಚಾಮೃತ ಬಿಡಿ ಸರ್," ಎಂದಳು ಸೂಜಿ ಹಿಡಿದಿದ್ದ ಸಹೋದ್ಯೋಗಿ ಅನುಶ್ರೀ.

ಜನವರಿ 13

ಪಂಚಾಮೃತದಲ್ಲಿ ಸೀಸ. ಡೆಸಿಲೀಟರಿಗೆ ಹತ್ತೊಂಬತ್ತು ಮೈಕ್ರೋಗ್ರಾಂ. ಐದರೊಳಗೆ ಇರಬೇಕಿತ್ತು. ಮೆಷಿನ್ನೇ ತಪ್ಪು, ಸಂಶಯವಿಲ್ಲ. ಟ್ಯೂಬು ಬದಲು, ಆಸಿಡ್ ಬದಲು. ಮತ್ತೆ ಹತ್ತೊಂಬತ್ತು.

ಆಸಿಡ್ಡೂ ಶುದ್ಧ, ಟ್ಯೂಬೂ ಶುದ್ಧ,
ಇನ್ನು ಯಾರ ಮೇಲೆ ಯುದ್ಧ?

ಜನವರಿ 16, ಶುಕ್ರವಾರ

ಅನುಶ್ರೀ ತನ್ನ ರಕ್ತ ಹಾಕಿದಳು. ಎರಡು. ಹತ್ತು ಬೆರೆಸಿದರೆ ಹನ್ನೆರಡು. ನನ್ನದಕ್ಕೆ ಹತ್ತು ಬೆರೆಸಿದರೆ ಇಪ್ಪತ್ತೊಂಬತ್ತು. ಎಷ್ಟು ಚೆಂದದ ಲೆಕ್ಕ. ವಿಧಾನ ಸರಿ — ಅಂದರೆ ನಾನೇ ಸರಿಯಿಲ್ಲ.

"ಮನೇಲಿ ಪೇಂಟು ಗೀಂಟು ಏನಾದ್ರೂ ಸರ್?"

"ಇಲ್ಲಮ್ಮ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕ್ಸಿದ್ವಿ, ಅಷ್ಟೇ."

ಹೇಳಿದ ಮೇಲೆ ನನಗೇ ಹೊಳೆಯಿತು. ಕಲಾಯಿಯ ತವರಕ್ಕೆ ಸೀಸ ಬೆರೆಸುವವರಿದ್ದಾರೆ. ಹುಳಿಗೆ ಸೀಸ ಕರಗುತ್ತದೆ; ಆ ಪಾತ್ರೆಯಲ್ಲಿ ನಮ್ಮ ಮನೆಯ ಹುಳಿಸಾರು ದಿನಾ ಕುದಿಯುತ್ತದೆ.

ರಾತ್ರಿ ಸಾರನ್ನು ಬಾಟಲಿಗೆ ತುಂಬಿದೆ. ಹೆಂಡತಿ ನೋಡಿದಳು. "ಸಾರಿಗೂ ಟೆಸ್ಟಾ? ಉಪ್ಪು ಎಷ್ಟಿದೆ ಅಂತಾನೂ ಕೇಳ್ಕೊಂಡ್ ಬನ್ನಿ."

ಎಂಟು ವರ್ಷದ ಮಗಳು ಚಂದನಾ ತಟ್ಟೆ ಮುಂದೆ ಮಾಡಿದಳು. "ಅಪ್ಪಾ, ನಂಗೆ ಇನ್ನೊಂದ್ ಸೌಟು."

ಬಡಿಸಲಿಲ್ಲ.

ಜನವರಿ 21, ಬುಧವಾರ

ಸಾರಿನಲ್ಲಿ ಸೀಸ ಸಿಕ್ಕಿತು. ಪಾತ್ರೆ ಅಟ್ಟ ಸೇರಿತು. ನನ್ನದು ನಿಧಾನವಾಗಿ ಇಳಿಯುತ್ತದೆ ಎಂದರು ಡಾಕ್ಟರ್. ಮಕ್ಕಳ ವಿಷಯ ಬೇರೆ, ಸೀಸ ಮಿದುಳಿಗೇ ಹಾನಿ, ಮೊದಲು ಮಗಳದ್ದು ಅಳೆಯಿರಿ ಎಂದರು.

ಬೆಳಿಗ್ಗೆ ವಿಧಾನದ ವರದಿಗೆ ಸಹಿ ಹಾಕಿದೆ. ವರದಿಯಾದ ಮೇಲೆ ಮೆಷಿನ್ನಿಗೆ ಹೋದ ಮೊದಲ ರಕ್ತ ಚಂದನಾಳದು. ಸೂಜಿ ಚುಚ್ಚಿದಾಗ ಅಳಲಿಲ್ಲ. "ನಂದ್ರಲ್ಲೂ ಪಂಚಾಮೃತ ಇದ್ಯಾ?" ಎಂದು ಅನುಶ್ರೀಯನ್ನು ಕೇಳಿದಳು.

ಸಂಜೆ 4.40

ಅನುಶ್ರೀ ಬಾಗಿಲಲ್ಲಿ ನಿಂತಿದ್ದಾಳೆ. "ಸರ್, ರಿಸಲ್ಟ್ ಬಂತು. ನೀವೇ ನೋಡ್ತೀರಾ?"

ಪ್ರಾಸ ಹೊಳೆಯುತ್ತಿಲ್ಲ. ನನಗೆ ಭಯವಾಗಿದೆ. ನಾನು ಸಹಿ ಹಾಕಿದ ವಿಧಾನ ತಪ್ಪಾಗಿರಲಿ, ಪೂರ್ತಿ ತಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತಾ ಕೂತಿದ್ದೇನೆ. ಅದು ತಪ್ಪಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.