ದೋಷ ಕಂಡುಬಂದಿಲ್ಲ

ಸರ್ವಿಸ್ ಸೆಂಟರ್, ಮಧ್ಯಾಹ್ನದ ಬಿಡುವು
ಮಂಗಳವಾರ, ಮಾರ್ಚ್ ೧೪

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಅಕ್ಕನ ಮನೆಯ ಮೂರು ಮಹಡಿ ಹತ್ತಿ ಇಳಿದು ನೋವು ಹೆಚ್ಚಿಸಿಕೊಂಡಿರುತ್ತೀರಿ, ಕೇಳಿದರೆ ಮಾತ್ರ ಏನೂ ಇಲ್ಲ ಅನ್ನುತ್ತೀರಿ. ಅವಳು ಉಪ್ಪು ಕಡಿಮೆ ಹಾಕುತ್ತಾಳೆಂದು ಗೊಣಗಬೇಡಿ, ಅದು ನಿಮ್ಮ ಬಿಪಿಗಾಗಿಯೇ. ಇಲ್ಲಿ ಅಮ್ಮನ ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿದ್ದಾರೆ. ಬಕೆಟ್ ಎತ್ತಬೇಡಿ ಎಂದು ಡಾಕ್ಟರು ಹೇಳಿದ ದಿನವೇ ಎತ್ತಿದಳು. ನಿಮ್ಮ ಹೆಂಡತಿ ಯಾರ ಮಾತು ಕೇಳಿದ್ದಾಳೆ ಹೇಳಿ. ನಾನು ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಅಲ್ಲಲ್ಲಿ ಗ್ರೀಸ್ ಹತ್ತಿದೆ, ಎರಡು ಸಲ ಕೈ ತೊಳೆದು ಬಂದರೂ ಹೋಗಲಿಲ್ಲ.

ಬೆಳಿಗ್ಗೆ ಕಂಪನಿಯಿಂದ ಸುತ್ತೋಲೆ ಬಂತು. ನಮ್ಮ ಮನೆಯ ಕಾರಿನ ಮಾಡೆಲ್ ಇದೆಯಲ್ಲ, ನಮ್ಮದು ತಯಾರಾದ ವರ್ಷದ ಅಷ್ಟೂ ಗಾಡಿಗಳನ್ನು ವಾಪಸ್ ಕರೆಸಿ ಆಕ್ಸಿಲರೇಟರ್ ಪೆಡಲ್ ಬದಲಾಯಿಸಬೇಕಂತೆ. ಪೆಡಲಿನ ಕೀಲು ಸವೆದು, ಒಮ್ಮೊಮ್ಮೆ ಒತ್ತಿದ್ದು ಒತ್ತಿದ ಹಾಗೇ ಸಿಕ್ಕಿಕೊಳ್ಳುತ್ತದಂತೆ. ನಿಂತುಕೊಂಡೇ ಮೂರು ಸಲ ಓದಿದೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹಿಂದಿನ ಶೆಡ್ಡಿಗೆ ಹೋದೆ, ಮುಂಭಾಗ ನಜ್ಜುಗುಜ್ಜಾದ ನಮ್ಮ ಕಾರನ್ನು ಸುತ್ತು ಹಾಕಿ ಬಂದೆ, ಮತ್ತೆ ಹೋದೆ. ಎಂಟು ಗಾಡಿ ಕಾಯುತ್ತಿವೆ, ಒಂದರ ಬಾನೆಟ್ಟೂ ತೆಗೆದಿಲ್ಲ. ನಿನಗೆ ಹೊಟ್ಟೆ ಸರಿ ಇಲ್ಲವೇನೋ ಎಂದು ಸೂಪರ್‌ವೈಸರ್ ಕೇಳಿದರು.

ಔಷಧಿ ಅಂಗಡಿಯ ಗೋಡೆಗೆ ಕಾರು ಗುದ್ದಿ ಅಮ್ಮನ ಮಣಿಕಟ್ಟು ಮುರಿದ ದಿನ ನೀವು ಹೇಳಿದ್ದು ಇಷ್ಟೇ: "ಕಾಲು ತೆಗೆದೆ ಕಣೋ. ತೆಗೆದ ಮೇಲೂ ಗಾಡಿ ಓಡ್ತಾನೇ ಇತ್ತು." ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿ ಬ್ರೇಕ್ ಮೇಷ್ಟ್ರು ಎನಿಸಿಕೊಂಡವರು ನೀವು. ಅಂಥವರಿಗೆ ನಾನು, ಅಮ್ಮನ ಎದುರಿಗೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಬಿಟ್ಟೆ. ಕಾರನ್ನು ಇಲ್ಲಿಗೆ ತರಿಸಿ ನಾನೇ ಪರೀಕ್ಷೆ ಮಾಡಿದೆ. ಪೆಡಲನ್ನು ನೂರು ಸಲ ಒತ್ತಿದರೂ ಚಕ್ಕನೆ ಮೇಲೆ ಬಂತು. "ದೋಷ ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದೆ. "ಮೆಕ್ಯಾನಿಕ್ ಮಗನೇ ಹೇಳಿದ ಮೇಲೆ ಇನ್ನೇನು, ನಿಮಗೆ ವಯಸ್ಸಾಯ್ತು" ಎಂದಳು ಅಮ್ಮ. ವಾರದೊಳಗೆ ನೀವು ಸ್ಕೂಲಿನ ಬೋರ್ಡ್ ಇಳಿಸಿ ಅಕ್ಕನ ಮನೆಗೆ ಹೊರಟಿರಿ. ಅಪ್ಪಾ, ನೆಲವೇ ಡೊಂಕಾಗಿತ್ತು. ನನಗೆ ನಾಚಿಕೆಯಾಗುತ್ತಿದೆ.

ಸುತ್ತೋಲೆಯ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಅಕ್ಕನಿಗೂ ಭಾವನಿಗೂ ಓದಿ ಹೇಳಿ, ಕೆಳಗಿನ ಮನೆಯವರಿಗೂ ತೋರಿಸಿ. ನಿಮ್ಮ ಹತ್ತಿರ ಕಲಿತವರು ಈ ಊರಲ್ಲಿ ಬೀದಿಗೊಬ್ಬರಿದ್ದಾರೆ, ಅವರಿಗೆ ನಾನೇ ಹೇಳಿಕೊಂಡು ಬರುತ್ತೇನೆ. ಬೋರ್ಡ್ ಅಟ್ಟದ ಮೇಲಿದೆ, ಬಣ್ಣ ಹೋಗಿಲ್ಲ. ಯಾವ ಬಸ್ಸಿಗೆ ಬರುತ್ತೀರೆಂದು ತಿಳಿಸಿದರೆ ನಿಲ್ದಾಣಕ್ಕೆ ಬರುತ್ತೇನೆ. ಅಕ್ಕನ ಮಕ್ಕಳಿಗೆ ಮುದ್ದು, ನಿಮ್ಮ ಪಾದಕ್ಕೆ ನಮಸ್ಕಾರ.

ಇಂತಿ,
ನಿಮ್ಮ ಮಗ

ಮರೆತಿದ್ದು: ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಪರೀಕ್ಷೆಯ ದಿನ ಮೊದಲ ಸಲ ಒತ್ತಿದಾಗ ಪೆಡಲ್ ತಡವಾಗಿ ಮೇಲೆ ಬಂದಿತ್ತು. ನಮ್ಮ ಮನೆಯ ಗಾಡಿ, ಧೂಳು ಕೂತಿರಬೇಕು ಎಂದುಕೊಂಡು ಕೀಲಿಗೆ ಎಣ್ಣೆ ಬಿಟ್ಟೆ. ಆ ನೂರು ಸಲ ಒತ್ತಿದ್ದು ಅದಾದ ಮೇಲೆ. ತಪ್ಪು ನಿಮ್ಮದೇ ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ, ಅದಕ್ಕೇ ಎಣ್ಣೆಯ ವಿಷಯ ವರದಿಯಲ್ಲಿ ಬರೆಯಲಿಲ್ಲ. ಈಗ ಬರೆದು ಸೂಪರ್‌ವೈಸರ್ ಮೇಜಿನ ಮೇಲಿಟ್ಟು ಬಂದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅಮ್ಮನಿಗೆ ಹೇಳಲು ಮಾತ್ರ ಬಾಯಿ ಬರುತ್ತಿಲ್ಲ. ನೀವು ಬಂದು ಪಕ್ಕದಲ್ಲಿ ಕೂತರೆ ಹೇಳುತ್ತೇನೆ.